ಅನುಸರಣೆ ಸಾಹೇಬರು

ಹನ್ನೆರಡನೇ ಮಂಚದ ಗಂಟೆ ಹೊಡೆದುಕೊಂಡಾಗ ನನಗೆ ಬಂದದ್ದು ಸಿಟ್ಟು. ಏಕೆಂದರೆ ಆ ಮಂಚ ಖಾಲಿ ಇತ್ತು. ಬೆಳಿಗ್ಗೆ ನಾನೇ ಮುಂದೆ ನಿಂತು ಒಗೆದ ಚಾದರ ಹಾಕಿಸಿ, ಒಂದು ಸುಕ್ಕೂ ಇಲ್ಲದ ಹಾಗೆ ಮೂಲೆ ಎಳೆದು ಬಂದಿದ್ದೆ.

ಹೋಗಿ ನೋಡಿದರೆ ಇಸ್ತ್ರಿ ಅಂಗಿಯ ಗಂಡಸೊಬ್ಬರು ಅದರ ಮೇಲೆ ಆರಾಮಾಗಿ ಮಲಗಿದ್ದಾರೆ. ಬೂಟು ಮಂಚದ ಕೆಳಗೆ ಜೋಡಿಯಾಗಿ ಕೂತಿದೆ. ಒಂದು ಕೈಯಲ್ಲಿ ಗಂಟೆಯ ಗುಂಡಿ, ಕಣ್ಣು ಇನ್ನೊಂದು ಕೈಯ ಗಡಿಯಾರದ ಮೇಲೆ.

"ಏಳ್ತೀರಾ, ಎಬ್ಬಿಸಬೇಕಾ? ಇದೇನು ಮಾವನ ಮನೆ ಅಂದ್ಕೊಂಡ್ರಾ?"

ಅವರು ಗಡಬಡಿಸಿ ಎದ್ದು ಕೂತರು. ಹಿಂದಲೆಯ ಕೂದಲು ನೆಟ್ಟಗೆ ನಿಂತಿತ್ತು. "ಬೇಗ ಬಂದ್ರಿ," ಎಂದರು, ನಾನೇನೋ ಉಪಕಾರ ಮಾಡಿದ ಹಾಗೆ.

"ಗಂಟೆ ಹೊಡೆದ್ರೆ ಬರೋದಕ್ಕೇ ನಮಗೆ ಸಂಬಳ. ನೀವು ಯಾರ ಕಡೆಯವರು?"

ವಯಸ್ಸಾದವರ ನಮ್ಮ ನರ್ಸಿಂಗ್ ಹೋಮಿಗೆ ಹೊಸಬರು ಯಾರೇ ಬರಲಿ, ಇದೇ ಮೊದಲ ಪ್ರಶ್ನೆ. ಯಾರ ಮಗ, ಯಾರ ಅಳಿಯ, ಯಾವ ಮಂಚದವರ ಕಡೆ.

"ಯಾರ ಕಡೆಯವನೂ ಅಲ್ಲ," ಎನ್ನುತ್ತ ಅವರು ಬೂಟಿಗೆ ಕಾಲು ತೂರಿಸಿದರು. ಆಮೇಲೆ ಚಾದರವನ್ನು ತಾವೇ ಎಳೆದು ಸರಿಮಾಡಲು ಹೊರಟರು. ಮೂಲೆ ಮಡಿಸಲು ಬರಲಿಲ್ಲ. ನಾನು ಕೈಕಟ್ಟಿಕೊಂಡು ನೋಡುತ್ತ ನಿಂತೆ, ಸಹಾಯ ಮಾಡಲಿಲ್ಲ.

ಆ ಮಧ್ಯಾಹ್ನ ಮ್ಯಾನೇಜರ್ ಊಟದ ಹಾಲ್‌ನಲ್ಲಿ ಎಲ್ಲರನ್ನೂ ಸೇರಿಸಿ ಅವರನ್ನು ಪರಿಚಯಿಸಿದರು. "ಇವರು ನಮ್ಮ ಅನುಸರಣಾ ಅಧಿಕಾರಿ. ಹೆಡ್ ಆಫೀಸಿಂದ ಬಂದಿದ್ದಾರೆ. ನಿಯಮಗಳನ್ನ ನಾವು ಸರಿಯಾಗಿ ಅನುಸರಿಸ್ತಿದ್ದೀವಾ ಅಂತ ನೋಡ್ತಾರೆ, ತಪ್ಪಿದ್ರೆ ತಿದ್ದುತ್ತಾರೆ. ನಮ್ಮ ಲೈಸೆನ್ಸ್ ಇವರ ರಿಪೋರ್ಟ್ ಮೇಲೆ ನಿಂತಿದೆ, ನೆನಪಿರಲಿ."

ಪಕ್ಕದಲ್ಲಿದ್ದ ಆಯಾ ನನ್ನ ಕಿವಿಗೆ ಬಾಗಿದಳು. "ಏನಂತೆ ಸಿಸ್ಟರ್, ಅನುಸರ್ಸ್ಕೊಂಡು ಹೋಗ್ಬೇಕಂತಾ?"

ಸುತ್ತಲಿನವರು ಕಿಸಕ್ಕೆಂದರು. ಅಂದಿನಿಂದ ಅವರಿಗೆ ಅನುಸರಣೆ ಸಾಹೇಬರು ಎಂಬ ಹೆಸರೇ ಅಂಟಿಕೊಂಡಿತು. ನಾನು ಮಾತ್ರ ನಗಲಿಲ್ಲ. ಅನುಸರಿಸಿಕೊಂಡು ಹೋಗಮ್ಮ ಎಂಬ ಮಾತನ್ನು ನನ್ನಷ್ಟು ಕೇಳಿದವರು ಆ ಹಾಲ್‌ನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಮದುವೆಯಾದ ಹೊಸದರಲ್ಲಿ ಅಮ್ಮ ಹೇಳಿದಳು. ಆಮೇಲೆ ದೊಡ್ಡಮ್ಮ, ಆಮೇಲೆ ಅತ್ತೆ, ಕೊನೆಗೆ ನನಗಿಂತ ಚಿಕ್ಕವಳಾದ ನಾದಿನಿಯೂ ಹೇಳಿದಳು. ನನ್ನ ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೇ. ಯಾವುದಕ್ಕೋ ಮುನಿಸಿಕೊಂಡರೆ ತಿಂಗಳುಗಟ್ಟಲೆ ಮೌನ. ನನ್ನ ತಪ್ಪೇನು ಎಂದು ಕೇಳಿದರೂ ಉತ್ತರವಿಲ್ಲ. ಗೋಡೆಯ ಜೊತೆ ಎಷ್ಟೆಂದು ಅನುಸರಿಸಿಕೊಂಡು ಹೋಗುವುದು? ಒಂದು ದಿನ ಬಟ್ಟೆಬರೆ ತುಂಬಿಕೊಂಡು ಹೊರಬಿದ್ದೆ. ಬಾಯಿ ಜೋರು ಎಂಬ ಬಿರುದು ಬಂತು. ಅದನ್ನು ಸಂತೋಷವಾಗಿ ಇಟ್ಟುಕೊಂಡಿದ್ದೇನೆ.

ಹಾಗಾಗಿ ನಮಗೆ ನಿಯಮ ಕಲಿಸಲು ಸಾಹೇಬರು ನಡೆಸಿದ ಮೊದಲ ತರಗತಿಯಲ್ಲೇ ಕೈ ಎತ್ತಿದೆ. "ಅನುಸರಣೆ ಅಂದ್ರೆ ಬಾಯಿ ಮುಚ್ಕೊಂಡು ಹೇಳಿದ್ದು ಮಾಡೋದು ತಾನೆ?"

"ಅಲ್ಲ ಸಿಸ್ಟರ್. ಬಾಯಿ ಬಿಡೋದು."

ಅವರು ಜೇಬಿನಿಂದ ಗುಂಡಿಗಳಿರುವ ಹಳೇ ಕಾಲದ ಮೊಬೈಲ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಇದು ದೂರಿನ ಫೋನು. ನಂಬರ್ ಎಲ್ಲಾ ಗೋಡೆ ಮೇಲೂ ಇರುತ್ತೆ. ಹೆಸರು ಹೇಳೋದು ಬೇಡ. ದನಿ ಗುರುತು ಸಿಕ್ಕಿದ್ರೂ ಸಿಗದವನ ಹಾಗೇ ಇರ್ತೀನಿ. ತಪ್ಪು ಮಾಡೋದು ಒಂದು ತಪ್ಪು. ಗೊತ್ತಿದ್ದೂ ಹೇಳದೆ ಇರೋದು ಇನ್ನೊಂದು."

ಇದನ್ನು ಹೇಳುವಾಗ ಅವರ ಕಣ್ಣು ನನ್ನ ಮೇಲಿತ್ತು. ಪ್ರಶ್ನೆ ಕೇಳಿದವಳು ನಾನು, ನನ್ನನ್ನು ನೋಡದೆ ಇನ್ನಾರನ್ನು ನೋಡುತ್ತಾರೆ ಎಂದುಕೊಂಡೆ. ಆದರೂ ಕಿವಿ ಬಿಸಿಯಾಯಿತು.

ಆ ಫೋನಿಗೆ ಕರೆ ಮಾಡುತ್ತಿದ್ದವರು ಒಬ್ಬರೇ, ಕಿಟಕಿ ಪಕ್ಕದ ಮಂಚದ ಟೀಚರಮ್ಮ. ಜೀವನವಿಡೀ ಶಾಲೆಯ ಮಕ್ಕಳನ್ನು ತಿದ್ದಿ ಬಂದವರಿಗೆ ಇಲ್ಲಿ ತಿದ್ದಲು ಯಾರೂ ಸಿಗದೆ ನಾಲಿಗೆ ತುರಿಸುತ್ತಿತ್ತು. ಟೀ ತಣ್ಣಗಿದೆ ಎಂದು ಒಂದು ದಿನ, ಫ್ಯಾನು ಗೊಣಗುತ್ತದೆ ಎಂದು ಮತ್ತೊಂದು ದಿನ. ಸಾಹೇಬರು ಪ್ರತಿ ಸಲವೂ ಬಂದು, "ಯಾರೋ ದೂರು ಕೊಟ್ಟಿದ್ದಾರೆ, ಯಾರು ಅಂತ ಗೊತ್ತಿಲ್ಲ," ಎಂದು ಟೀಚರಮ್ಮನ ಎದುರೇ ಹೇಳಿ, ಟೀಗೆ ಥರ್ಮಾಮೀಟರ್ ಅದ್ದಿ ನೋಡುತ್ತಿದ್ದರು. ಟೀಚರಮ್ಮ ಏನೂ ಅರಿಯದವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು.

ಒಮ್ಮೆ ಸಾಹೇಬರು ನನ್ನೆದುರೇ ಬಂದು ನಿಂತರು. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. "ಮೇಲಿನ ಮಹಡಿ ಸಿಸ್ಟರ್ ನಗೋದೇ ಇಲ್ಲ ಅಂತ ದೂರು ಬಂದಿದೆ."

"ನಗಬೇಕು ಅಂತ ಯಾವ ನಿಯಮದಲ್ಲಿದೆ?"

"ಹುಡುಕಿದೆ, ಸಿಗಲಿಲ್ಲ. ಆದ್ರೆ ಬಂದ ದೂರನ್ನ ವಿಚಾರಿಸದೆ ಬಿಡೋ ಹಾಗಿಲ್ಲ."

ತಡೆಯಲಾಗದೆ ನಕ್ಕುಬಿಟ್ಟೆ. ಅವರು ಒಂದು ಕ್ಷಣ ನನ್ನ ಮುಖವನ್ನು ಹಾಗೇ ನೋಡಿ, ಕಣ್ಣು ಕೆಳಗಿಳಿಸಿ, "ಇತ್ಯರ್ಥ ಆಯ್ತು," ಎಂದು ಹೊರಟುಹೋದರು. ಕಿಟಕಿಯ ಕಡೆಯಿಂದ ಟೀಚರಮ್ಮ ಕೆಮ್ಮಿದರು. ಅವರಿಗೆ ಕೆಮ್ಮಿನ ಕಾಯಿಲೆ ಏನೂ ಇಲ್ಲ.

ನಮ್ಮ ದೊಡ್ಡ ಜಗಳ ನಡೆದದ್ದು ಆ ಟೀಚರಮ್ಮನ ಮಂಚದ ಬಗ್ಗೆಯೇ. ನಮ್ಮ ಮಂಚಗಳ ಎರಡೂ ಪಕ್ಕಕ್ಕೆ ಏರಿಸಿ ಇಳಿಸುವ ಕಂಬಿಗಳಿವೆ. ಮಲಗಿದವರು ಬೀಳದಿರಲಿ ಎಂದು ನಾವು ಏರಿಸುತ್ತೇವೆ. ಅವರನ್ನು ಕೇಳದೆ, ಅವರಾಗಿ ಇಳಿಯಲು ಆಗದ ಹಾಗೆ ಏರಿಸಿದರೆ ಅದು ಕಟ್ಟಿಹಾಕಿದ ಲೆಕ್ಕ ಎನ್ನುತ್ತದೆ ನಿಯಮ.

"ಬಿದ್ದು ಸೊಂಟ ಮುರಿದ್ರೆ ನಿಮ್ಮ ನಿಯಮ ಬಂದು ಎತ್ತುತ್ತಾ?" ಎಂದು ಕೇಳಿದೆ.

"ಎತ್ತಲ್ಲ. ನೀವೇ ಎತ್ತಬೇಕು. ಅದು ನನಗೂ ಗೊತ್ತು."

ವಾದಕ್ಕೆ ಬರುತ್ತಾರೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವರು ವಾದಿಸಲಿಲ್ಲ. ಮಂಚದ ಪಕ್ಕ ಮಂಡಿಯೂರಿ, ಟೀಚರಮ್ಮನ ಕಣ್ಣಿಗೆ ಸಮನಾಗಿ ಕೂತರು. "ಟೀಚರ್, ಕಂಬಿ ಇದ್ರೆ ನೀವು ಬೀಳಲ್ಲ, ಆದ್ರೆ ನೀವಾಗಿ ಇಳಿಯೋಕೂ ಆಗಲ್ಲ. ಕಂಬಿ ಇಲ್ಲದಿದ್ರೆ ಇಳೀಬಹುದು, ಬೀಳಲೂಬಹುದು. ನಿಮಗೆ ಹೇಗೆ ಬೇಕು?"

ಟೀಚರಮ್ಮ ಕಂಬಿಯ ಮೇಲೆ ಬೆರಳು ಆಡಿಸಿದರು. "ಇಲ್ಲಿಗೆ ಬಂದ ಮೇಲೆ ನನ್ನನ್ನ ಯಾರೂ ಹೀಗೆ ಕೇಳಿರಲಿಲ್ಲಪ್ಪ," ಎಂದರು. "ಇಳಿಸು."

ಕಂಬಿ ಇಳಿಸಿದೆವು. ಮಂಚವನ್ನು ಆದಷ್ಟು ನೆಲದ ಹತ್ತಿರಕ್ಕೆ ತಗ್ಗಿಸಿ, ಪಕ್ಕದಲ್ಲಿ ದಪ್ಪನೆಯ ಮೆತ್ತೆ ಹಾಸಿದೆವು. ಅದರ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ಸಾಹೇಬರ ಕೈಯಲ್ಲಿ.

ನನ್ನನ್ನೂ ಯಾರೂ ಹಾಗೆ ಕೇಳಿರಲಿಲ್ಲ. ಅಮ್ಮ ಕೇಳಲಿಲ್ಲ, ಗಂಡನಂತೂ ಕೇಳಲಿಲ್ಲ. ಅವರು ಕೇಳಿದ್ದು ಟೀಚರಮ್ಮನನ್ನು, ನಾಟಿದ್ದು ನನಗೆ. ನಾನು ಅವರನ್ನು ಪ್ರೀತಿಸತೊಡಗಿದ್ದು ಅಂದೇ, ಆ ಮೆತ್ತೆಯ ತುದಿ ಹಿಡಿದುಕೊಂಡೇ.

ಆಮೇಲಿನ ದಿನಗಳು ನೆಟ್ಟಗೆ ಸಾಗಲಿಲ್ಲ. ಬೆಳಿಗ್ಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಇಂಜೆಕ್ಷನ್ ತುಂಬುತ್ತಿದ್ದ ಕೈ ತಾನಾಗಿ ನಿಧಾನವಾಗುತ್ತಿತ್ತು. ಅವರು ಬೇರೆ ಮಹಡಿಯಲ್ಲಿದ್ದ ದಿನ ನನ್ನ ಮಹಡಿಯಲ್ಲಿ ಎಲ್ಲರಿಗೂ ಬೈಗುಳ. "ಸಾಹೇಬ್ರು ನಾಳೆ ಬರ್ತಾರಂತೆ, ಇವತ್ತೊಂದಿನ ಹೇಗೋ ತಡ್ಕೊಳ್ಳಿ," ಎಂದು ಆಯಾ ಉಳಿದವರಿಗೆ ಸಮಾಧಾನ ಹೇಳುವುದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ನಾವು ಕೈ ತೊಳೆಯುವುದನ್ನು ನೋಡುವುದೂ ಅವರ ಕೆಲಸ. ಒಬ್ಬರ ಮಂಚದಿಂದ ಇನ್ನೊಬ್ಬರ ಮಂಚಕ್ಕೆ ಹೋಗುವ ಮುಂಚೆ ನಾವು ಸರಿಯಾಗಿ ತೊಳೆಯುತ್ತೇವೋ ಇಲ್ಲವೋ ಎಂದು ಸಿಂಕಿನ ಪಕ್ಕ ನಿಂತು ಗಮನಿಸುತ್ತಿದ್ದರು. ಬೇರೆಯವರಿಗೆ ಅದು ತಪಾಸಣೆ. ನನಗೆ ಏನಾಗುತ್ತಿತ್ತೆಂದು ಹೇಗೆ ಹೇಳಲಿ? ಅಂಗೈ, ಮುಂಗೈ, ಬೆರಳ ಸಂದು, ಉಗುರ ತುದಿ, ಅವರ ನೋಟ ಒಂದೊಂದರ ಮೇಲೂ ಬಂದು ನಿಲ್ಲುತ್ತಿತ್ತು. ಮುಖ ನೋಡುತ್ತಿರಲಿಲ್ಲ. ಮುಖ ನೋಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಹೆಬ್ಬೆರಳು ಬಿಟ್ರಿ, ಸಿಸ್ಟರ್."

ಬೇಕೆಂದೇ ಬಿಟ್ಟಿದ್ದೆ. ಮತ್ತೆ ಸೋಪು ಹಚ್ಚಿದೆ. "ಎರಡೂ ಹೆಬ್ಬೆರಳು ಆಯ್ತು. ಇನ್ನೇನು ನೋಡ್ತಿದ್ದೀರಿ?"

"ಏನಿಲ್ಲ. ನನ್ನ ಕೆಲಸ ಮುಗೀತು."

ಮುಗಿದ ಮೇಲೂ ನಿಂತೇ ಇದ್ದರು. ನಾನೂ ನಿಂತಿದ್ದೆ. ಆಯಾ ಎಲ್ಲಿಂದಲೋ ಬಂದು, "ನೀರು ಪೋಲು ಮಾಡೋದಕ್ಕೆ ನಿಯಮ ಏನೂ ಇಲ್ವಾ ಸಾಹೇಬ್ರೆ?" ಎಂದು ನಲ್ಲಿ ತಿರುಗಿಸಿ ಹೋದಳು.

ಅವರು ನಮ್ಮಲ್ಲಿ ಟೀ ಸಹ ಕುಡಿಯುತ್ತಿರಲಿಲ್ಲ. ಪರೀಕ್ಷಿಸುವವರು ಪರೀಕ್ಷೆಗೆ ಒಳಗಾದವರಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲವಂತೆ. ಮನೆಯಿಂದ ಫ್ಲಾಸ್ಕ್ ತರುತ್ತಿದ್ದರು. ಒಂದು ಸಂಜೆ ಬಾಲ್ಕನಿಯಲ್ಲಿ ಅದರ ಮುಚ್ಚಳಕ್ಕೆ ಟೀ ಬಗ್ಗಿಸಿಕೊಳ್ಳುತ್ತಿದ್ದಾಗ ನಾನು ಕೆಣಕಿದೆ. "ಒಂದು ಕಪ್ ಟೀ ಕುಡಿದ್ರೆ ನಿಮ್ಮ ರಿಪೋರ್ಟ್ ಬದಲಾಗಿಬಿಡುತ್ತಾ?"

"ಟೀಯಿಂದ ಆಗಲ್ಲ. ಕೊಡೋರಿಂದ ಆಗಬಹುದು."

ಇಬ್ಬರೂ ಬೀದಿ ನೋಡತೊಡಗಿದೆವು. ಎದುರು ಮನೆಯ ಮಹಡಿಯಲ್ಲಿ ಯಾರೋ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವರೇ ಮಾತು ಮುಂದುವರಿಸಿದರು.

"ನಾನು ನೋಡೋ ಜಾಗದಲ್ಲಿ ನನ್ನವರು ಅಂತ ಯಾರಾದ್ರೂ ಇದ್ರೆ, ಗೊತ್ತಾದ ದಿನವೇ ಹೆಡ್ ಆಫೀಸಿಗೆ ಹೇಳಿ, ಆ ಜಾಗ ಬಿಟ್ಟುಬಿಡಬೇಕು. ನಾನು ಬರೆದಿದ್ದನ್ನೆಲ್ಲ ಬೇರೆಯವರು ಮೊದಲಿಂದ ನೋಡ್ತಾರೆ."

"ಇಲ್ಲಿ ನಿಮ್ಮವರು ಯಾರೂ ಇಲ್ವಲ್ಲ."

"ಇಲ್ಲ ಅಂತಲೇ ಬರೆದುಕೊಟ್ಟಿದ್ದೀನಿ."

"ಯಾವಾಗ?"

"ಬರೋ ಮುಂಚೆ," ಎಂದರು. ಕೈಯಲ್ಲಿದ್ದ ಟೀ ಕುಡಿಯಲೇ ಇಲ್ಲ, ಮತ್ತೆ ಫ್ಲಾಸ್ಕಿಗೆ ಸುರಿದುಕೊಂಡರು.

ಅಂದು ನನಗೆ ಎಲ್ಲವೂ ಅರ್ಥವಾಯಿತು. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟರೂ ಅವರು ಹೋಗಬೇಕು. ಬಿಡದಿದ್ದರೆ ಬರುತ್ತಿರುತ್ತಾರೆ, ಸಿಂಕಿನ ಪಕ್ಕ ನಿಲ್ಲುತ್ತಾರೆ, ಹೆಬ್ಬೆರಳು ಬಿಟ್ರಿ ಎನ್ನುತ್ತಾರೆ. ಅದೂ ಕಡಿಮೆಯೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಸಿದವಳಿಗೆ ಊಟದ ವಾಸನೆ ಸಾಕು ಎಂದ ಹಾಗಾಯಿತು, ಆದರೂ ಹೇಳಿಕೊಂಡೆ.

ಹೀಗೆ ಬೇಸಿಗೆ ಕಳೆಯಿತು. ಅವರ ಕೆಲಸವೂ ಮುಗಿಯುತ್ತ ಬಂತು. ಮುಂದಿನ ವಾರ ದೂರದ ಇನ್ನೊಂದು ಊರಿನ ನರ್ಸಿಂಗ್ ಹೋಮಿಗೆ ಹೋಗುತ್ತಾರೆಂದು ಮ್ಯಾನೇಜರ್ ಹೇಳಿದರು. ನಾನು "ಹೌದಾ," ಎಂದು ಟೀಚರಮ್ಮನ ಬೆನ್ನಿಗೆ ಎಣ್ಣೆ ಹಚ್ಚಲು ಹೋದೆ.

"ಮಗಳೇ, ಆಗಿಂದ ಒಂದೇ ಜಾಗಕ್ಕೆ ಎಣ್ಣೆ ಹಚ್ತಿದ್ದೀಯ," ಎಂದರು ಟೀಚರಮ್ಮ, ಗೋಡೆ ಕಡೆ ತಿರುಗಿ ಮಲಗಿದ್ದವರು. "ಹೇಳಿಬಿಡೇ."

"ಹೇಳಿದ್ರೆ ಹೋಗ್ತಾರೆ."

"ಹೇಳದಿದ್ರೂ ಹೋಗ್ತಾನೆ. ಮತ್ತೆ ನೀನು ಇಷ್ಟು ದಿನ ಮಾಡ್ತಿದ್ದಿದ್ದು ಏನು ಗೊತ್ತಾ? ಅನುಸರ್ಸ್ಕೊಂಡು ಹೋಗ್ತಿದ್ದೆ."

ಎಣ್ಣೆಯ ಬಟ್ಟಲು ಕೆಳಗಿಟ್ಟೆ. ಅಮ್ಮ, ದೊಡ್ಡಮ್ಮ, ಅತ್ತೆ ಎಲ್ಲರೂ ಸೇರಿ ಮಾಡಿಸಲಾಗದ್ದನ್ನು ನಾನು ಯಾರೂ ಹೇಳದೆಯೇ ಮಾಡುತ್ತಿದ್ದೆ. ಮಾತಿಲ್ಲದ ಮನೆಯಿಂದ ಹೊರಬಿದ್ದು ಬಂದವಳು ಈಗ ಮಾತಿಲ್ಲದ ಪ್ರೀತಿಯೊಳಗೆ ಹಾಯಾಗಿ ಕೂತಿದ್ದೆ. ನನ್ನ ಮೇಲೇ ನನಗೆ ಕೋಪ ಬಂತು.

ಕೈ ತೊಳೆದುಕೊಂಡೆ, ಹೆಬ್ಬೆರಳೂ ಸೇರಿ. ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಅದರ ಸಣ್ಣ ಗಾಜಿನಿಂದ ಕಾರಿಡಾರಿನಾಚೆ ಅವರ ಮೇಜು ಕಾಣುತ್ತದೆ. ಗೋಡೆಯ ಮೇಲಿದ್ದ ನಂಬರ್ ಒತ್ತಿದೆ. ಮೇಜಿನ ಮೇಲೆ ಆ ಹಳೇ ಫೋನು ಗುರುಗುಟ್ಟಿತು. ಅವರು ನಿರಾಳವಾಗಿ ಎತ್ತಿಕೊಂಡರು. ಟೀ ತಣ್ಣಗಿರಬೇಕು ಎಂದುಕೊಂಡಿರಬೇಕು.

"ನಮಸ್ಕಾರ, ದೂರಿನ ಫೋನು. ಹೆಸರು ಹೇಳೋ ಅಗತ್ಯ ಇಲ್ಲ. ಹೇಳಿ."

"ಒಬ್ಬ ಸಿಬ್ಬಂದಿ ಬಗ್ಗೆ ದೂರಿದೆ," ಎಂದೆ. "ಗೊತ್ತಿದ್ದೂ ಹೇಳದೆ ಮುಚ್ಚಿಟ್ಟಿದ್ದಾಳೆ."

ಗಾಜಿನಾಚೆ ಅವರ ಬೆನ್ನು ನೆಟ್ಟಗಾಯಿತು. ಆ ದನಿ ಗುರುತು ಸಿಗದೆ ಇರಲು ಸಾಧ್ಯವೇ ಇರಲಿಲ್ಲ. ಆದರೆ ಅವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ, ಅದೇ ಕ್ರಮದಲ್ಲಿ ಕೇಳಿದರು. ದನಿ ಮಾತ್ರ ತುಸು ಒಡೆದಿತ್ತು.

"ಇದರಿಂದ ಯಾರಿಗಾದ್ರೂ ತೊಂದರೆ ಆಗ್ತಿದೆಯಾ?"

"ಆಕೆಗೇ. ನಿದ್ದೆ ಇಲ್ಲ. ಸಿಬ್ಬಂದಿಗೂ ತೊಂದರೆ, ಎಲ್ಲರಿಗೂ ಬೈತಾಳೆ."

"ಯಾವಾಗಿಂದ ನಡೀತಿದೆ?"

"ಟೀಚರಮ್ಮನ ಮಂಚದ ಕಂಬಿ ಇಳಿಸಿದ ದಿನದಿಂದ."

ಅವರು ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡರು. "ಇದರಲ್ಲಿ ಇನ್ನೊಬ್ಬ ಸಿಬ್ಬಂದಿ ಭಾಗಿ ಇದ್ದಾರಾ?"

"ಅದು ನನಗೆ ಗೊತ್ತಿಲ್ಲ. ವಿಚಾರಿಸಬೇಕಾದವರು ನೀವು."

ಫೋನಿನಲ್ಲಿ ಅವರ ಉಸಿರು ಕೇಳುತ್ತಿತ್ತು. ನನ್ನ ಸುತ್ತ ಒಗೆದ ಚಾದರಗಳ ವಾಸನೆ. ಹಿಂದೆಂದೂ ಯಾವ ಮೌನಕ್ಕೂ ನಾನು ಇಷ್ಟು ಹೆದರಿರಲಿಲ್ಲ.

"ಈ ದೂರನ್ನ ನಾನು ವಿಚಾರಿಸೋ ಹಾಗಿಲ್ಲ," ಎಂದರು ಕೊನೆಗೆ.

"ಯಾಕೆ?"

"ನನ್ನ ಮೇಲೂ ಇದೇ ದೂರಿದೆ. ಆಕೆಯದಕ್ಕಿಂತ ಹಳೇದು. ಮಾವನ ಮನೆ ಅಂದ್ಕೊಂಡ್ರಾ ಅಂತ ಕೇಳಿದ ದಿನದ್ದು."

ನಾನು ಚಾದರಗಳ ಅಟ್ಟಿಗೆ ಒರಗಿ ನಿಂತೆ. ಅಳು ಬಂತು, ನಗುವೂ ಬಂತು.

"ಕೊನೇ ಪ್ರಶ್ನೆ," ಎಂದರು. "ದೂರು ಕೊಟ್ಟವರಿಗೆ ಏನು ಪರಿಹಾರ ಬೇಕು?"

"ಅನುಸರಿಸಿಕೊಂಡು ಹೋಗಿ ಅಂತ ಮಾತ್ರ ಹೇಳ್ಬೇಡಿ."

"ಹೇಳಲ್ಲ. ನನಗೆ ಸ್ವಲ್ಪ ಸಮಯ ಕೊಡಿ. ನಾನು ಇದನ್ನ ಈಗಲೇ ಮೇಲಿನವರಿಗೆ ತಿಳಿಸಬೇಕು. ತಿಳಿಸಿದ ಮೇಲೆ ವಿಚಾರಣೆ ಮುಗಿಯೋವರೆಗೂ ನಿಮ್ಮ ಜೊತೆ ಮಾತಾಡೋ ಹಾಗಿಲ್ಲ. ನಾನು ಸುಮ್ಮನಿದ್ದೀನಿ ಅಂದ್ರೆ ಅದಕ್ಕೆ ಕಾರಣ ಇಷ್ಟೇ. ಬೇರೇನೂ ಅಂದ್ಕೋಬೇಡಿ."

ಕತ್ತಲಾಗುವ ಮುಂಚೆ ಮೇಜು ಖಾಲಿಯಾಗಿತ್ತು. ಮೆಟ್ಟಿಲಿಳಿಯುವಾಗ ಅವರು ತಿರುಗಿ ನೋಡಲಿಲ್ಲ. ತಿರುಗಿ ನೋಡಬೇಡಿ ಎಂದು ಯಾವ ನಿಯಮವೂ ಇರಲಿಕ್ಕಿಲ್ಲ, ಅದು ಅವರೇ ಹಾಕಿಕೊಂಡದ್ದು.

ಮ್ಯಾನೇಜರ್ ಕೆಂಡಾಮಂಡಲವಾದರು. ಸಾಹೇಬರು ನನ್ನ ಮಹಡಿಯ ತಪ್ಪುಗಳನ್ನು ಮುಚ್ಚಿಟ್ಟಿದ್ದರೆ ಲೈಸೆನ್ಸಿಗೇ ಸಂಚಕಾರ. ಅವರ ಜಾಗಕ್ಕೆ ಕನ್ನಡಕದ ಹೆಂಗಸೊಬ್ಬರು ಬಂದು ಎಲ್ಲವನ್ನೂ ಮೊದಲಿಂದ ಜಾಲಾಡಿದರು. ಔಷಧಿ ಕಪಾಟು, ಕಂಬಿಗಳು, ಅಡುಗೆಮನೆ, ನಮ್ಮ ಕೈಗಳು. ಹೆಬ್ಬೆರಳು ಬಿಡುವ ಹುಮ್ಮಸ್ಸು ನನಗೆ ಮತ್ತೆ ಬರಲಿಲ್ಲ.

ಸಾಹೇಬರಿಂದ ಒಂದು ಮಾತಿಲ್ಲ, ಒಂದು ಮೆಸೇಜಿಲ್ಲ. ಮಳೆ ಬಂತು, ಬಾಲ್ಕನಿಯ ಕುರ್ಚಿಗಳನ್ನು ಒಳಗೆ ತಂದಿಟ್ಟೆವು. ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಮತ್ತೆ ಇಟ್ಟೆ. ಅವರು ಕುಡಿಯದೆ ಸುರಿದುಕೊಂಡ ಆ ಟೀ ನೆನಪಾಗುತ್ತಿತ್ತು. ನನಗೆ ಮೌನ ಹೊಸದೇನಲ್ಲ. ಆದರೆ ಈ ಮೌನಕ್ಕೆ ಕಾರಣ ಹೇಳಿ ಹೋಗಿದ್ದರು. ಕಾರಣ ಗೊತ್ತಿರುವ ಮೌನದಲ್ಲಿ ಕಾಯಬಹುದು ಎಂದು ನನಗೆ ಆಗಲೇ ಗೊತ್ತಾದದ್ದು. ಕಾದೆ.

ಕೊನೆಗೊಂದು ದಿನ ಕನ್ನಡಕದ ಮೇಡಂ ನನ್ನನ್ನು ಕರೆದು ಕೂರಿಸಿದರು. "ನಿಮ್ಮ ಮಹಡಿಯಲ್ಲಿ ಅವರು ಏನನ್ನೂ ಮುಚ್ಚಿಟ್ಟಿಲ್ಲ," ಎಂದರು. "ಬೇರೆ ಮಹಡಿಗಳಿಗಿಂತ ನಿಮ್ಮದಕ್ಕೇ ಜಾಸ್ತಿ ತಪ್ಪು ಬರೆದಿದ್ದಾರೆ. ಹೆಬ್ಬೆರಳು ಅಂತೂ ಲೆಕ್ಕವೇ ಇಲ್ಲ. ವಿಚಾರಣೆ ಇವತ್ತಿಗೆ ಮುಗೀತು." ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಅವರಿಗೂ ತಿಳಿಸಿದ್ದೀನಿ," ಎಂದರು.

ಮರುದಿನ ಸಂಜೆ, ಭೇಟಿಯ ಹೊತ್ತಿನಲ್ಲಿ, ಟೀಚರಮ್ಮನ ಗಂಟೆ ಹೊಡೆಯಿತು. ಹೋದೆ. ಅವರ ಮಂಚದ ಪಕ್ಕದ ಕುರ್ಚಿಯಲ್ಲಿ ಸಾಹೇಬರು ಕೂತಿದ್ದರು. ಇಸ್ತ್ರಿ ಇಲ್ಲದ ಅಂಗಿ, ಮೊಣಕಾಲ ಮೇಲೆ ಎರಡೂ ಕೈ. ಸ್ವಲ್ಪ ಇಳಿದುಹೋಗಿದ್ದರು.

"ಇವರು ನನ್ನ ಕಡೆಯವರು," ಎಂದರು ಟೀಚರಮ್ಮ. "ನನ್ನನ್ನ ನೋಡೋಕೆ ಬಂದಿದ್ದಾರೆ. ನಿನಗೇನೂ ಸಂಬಂಧ ಇಲ್ಲ. ಒಂದು ಕಪ್ ಟೀ ತಂದುಕೊಡು, ಬಿಸಿಯಾಗಿರಲಿ." ಹಾಗೆಂದು ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿದರು. ಕಿವಿ ಮುಚ್ಚಿರಲಿಲ್ಲ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ.

ಟೀ ತಂದೆ. ಅವರು ಎರಡೂ ಕೈಯಿಂದ ಕಪ್ಪು ತೆಗೆದುಕೊಂಡು ಒಂದು ಗುಟುಕು ಕುಡಿದರು. ಅದನ್ನು ನೋಡುತ್ತ ನನ್ನ ಕಣ್ಣು ತುಂಬಿ ಬಂತು.

"ಮೊದಲೇ ಹೇಳಿಬಿಡ್ತೀನಿ," ಎಂದೆ. "ನಾನು ಅನುಸರಿಸಿಕೊಂಡು ಹೋಗೋಳಲ್ಲ."

"ಗೊತ್ತು. ನಿಮ್ಮ ಬಗ್ಗೆ ಅಷ್ಟೊಂದು ಬರೆದವನು ನಾನೇ."

ಅವರು ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿ ಕೂತರು. ಈ ಸಲ ಕೈ ನೋಡಲಿಲ್ಲ, ಮುಖವನ್ನೇ ನೋಡಿದರು. "ನಾನು ಈ ಊರಿಗೆ ಬರಬಹುದು. ನೀವು ಆ ಊರಿಗೆ ಬರಬಹುದು. ಮದುವೆ ಆಗಬಹುದು, ಸ್ವಲ್ಪ ಕಾಲ ಹೀಗೇ ಟೀ ಕುಡೀತಾನೂ ಇರಬಹುದು. ನಿಮಗೆ ಹೇಗೆ ಬೇಕು?"

ಇಷ್ಟು ವಯಸ್ಸಿಗೆ ಮೊದಲ ಸಲ ಆ ಪ್ರಶ್ನೆ ನನ್ನ ಹತ್ತಿರ ಬಂದಿತ್ತು. ಟೀಚರಮ್ಮನ ಬೆನ್ನು ಅಲುಗದೆ ಕಾಯುತ್ತಿತ್ತು. ಕುರ್ಚಿ ಇದ್ದದ್ದು ಒಂದೇ, ನಾನು ಮೆತ್ತೆಯ ಮೇಲೆ ಸಾಹೇಬರ ಕಾಲ ಬಳಿ ಕೂತುಬಿಟ್ಟೆ. ಅವರೂ ಕುರ್ಚಿ ಬಿಟ್ಟು ಕೆಳಗಿಳಿದು ನನ್ನ ಪಕ್ಕ ಕೂತರು.

"ಯೋಚನೆ ಮಾಡಿ ಹೇಳ್ತೀನಿ," ಎಂದೆ. "ಅವಸರ ಇಲ್ವಲ್ಲ?"

"ಇಲ್ಲ," ಎಂದರು. "ಹೇಳಿ. ಕೂತಿರ್ತೀನಿ."